ಮನೆಯ ಟ್ರಂಕಿನಲ್ಲಿ ಸೈನಿಕರ ಯೂನಿಫಾರ್ಮು ಇದ್ದರೆ: ಬದಲಾದ ನಿಯಮಗಳು, ನಾವು ಮಾಡಬೇಕಾದ ಕೆಲಸಗಳು

ನಮ್ಮ ಕೊಡಗಿನ ಕೈಲ್‌ಪೊಳ್ದ್ ಹಬ್ಬ ಮುಗಿದು ನಾಲ್ಕು ದಿನ ಬಿಸಿಲು ನಿಂತರೆ ನಾನು ಅಟ್ಟದಿಂದ ಟ್ರಂಕು ಇಳಿಸುತ್ತೇನೆ. ಕಪ್ಪು ಬಣ್ಣದ ಕಬ್ಬಿಣದ ಟ್ರಂಕು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಅಪ್ಪನ ಆರ್ಮಿ ನಂಬರು, ಹೆಸರು. ಸುಂಟಿಕೊಪ್ಪದ ತೇವಕ್ಕೆ ಅರ್ಧ ಅಕ್ಷರ ಎದ್ದು ಹೋಗಿದೆ.

ಈ ಸಲ ಮೂರು ಅಂಗಿ ತೆಗೆದು ಮಂಚದ ಮೇಲೆ ಪಕ್ಕಪಕ್ಕ ಹಾಸಿದೆ. ಮೊದಲನೆಯದು ಅಪ್ಪನ ಓಜಿ, ಅಂದರೆ ಆಲಿವ್ ಗ್ರೀನ್ ಅಂಗಿ, ಬರೀ ಹಸಿರು, ಗಂಜಿ ಹಾಕಿ ಇಸ್ತ್ರಿ ಮಾಡಿದ್ದ ಮಡಿಕೆ ಈಗಲೂ ಗೆರೆಯಂತೆ ಕಾಣುತ್ತದೆ. ಎರಡನೆಯದು ನಮ್ಮ ಯಜಮಾನರ ಹಳೆಯ ಕಾಂಬ್ಯಾಟ್, ಅಂದರೆ ಯುದ್ಧದ ಕೆಲಸಕ್ಕೆ ಹಾಕುವ ಅಂಗಿ, ದೊಡ್ಡ ದೊಡ್ಡ ಎಲೆಗಳ ಹಾಗೆ ಕಾಣುವ ಪ್ರಿಂಟು. ಮೂರನೆಯದು ಅವರು ಈಗ ಹಾಕುವ ಡಿಜಿಟಲ್ ಪ್ರಿಂಟಿನ ಅಂಗಿ, ಸಣ್ಣ ಸಣ್ಣ ಚೌಕಗಳು. ನೋಡಲು ಬಂದ ನಾದಿನಿ ಒಂದೊಂದೇ ಕೇಳುತ್ತಾ ಹೋದಳು. "ಅಕ್ಕಾ, ಹಳೇದನ್ನ ಏನು ಮಾಡೋದು? ತೋಟದ ಕೆಲಸದವರಿಗೆ ಕೊಡಬಹುದಾ? ಅಪ್ಪನ ಮೆಡಲು ಅಮ್ಮ ಹಾಕಿಕೊಳ್ಳಬಹುದಾ?"

ಕೊಡಗಿನಲ್ಲಿ ಇಂಥ ಟ್ರಂಕು ಎಷ್ಟು ಮನೆಯಲ್ಲಿ ಇಲ್ಲ ಹೇಳಿ. ಈ ಪ್ರಶ್ನೆಗಳೂ ಅಷ್ಟೇ ಮನೆಗಳಲ್ಲಿ ಇರುತ್ತವೆ. ಕಳೆದ ಕೆಲವು ವರ್ಷಗಳಲ್ಲಿ ಯೂನಿಫಾರ್ಮಿನ ನಿಯಮಗಳು ಸಾಕಷ್ಟು ಬದಲಾಗಿವೆ. ಹಾಗಾಗಿ ಅವಳಿಗೆ ಹೇಳಿದ್ದನ್ನೇ ಕ್ರಮವಾಗಿ ಬರೆದಿಡುತ್ತಿದ್ದೇನೆ.

ಮೊದಲು, ಏನು ಬದಲಾಗಿದೆ ತಿಳಿದುಕೊಳ್ಳಿ

ದೊಡ್ಡ ಬದಲಾವಣೆ ಕಾಂಬ್ಯಾಟ್ ಯೂನಿಫಾರ್ಮಿನದು. 2022ರ ಜನವರಿ 15ರ ಸೇನಾ ದಿನದ ಪೆರೇಡಿನಲ್ಲಿ ಪ್ಯಾರಾಚೂಟ್ ರೆಜಿಮೆಂಟಿನ ಕಮಾಂಡೋಗಳು ಹೊಸ ಡಿಜಿಟಲ್ ಪ್ರಿಂಟ್ ಹಾಕಿಕೊಂಡು ನಡೆದರು. ಜನವರಿ 15 ಯಾಕೆ ಸೇನಾ ದಿನ ಅಂತ ಕೊಡಗಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಶನಿವಾರಸಂತೆಯಲ್ಲಿ ಹುಟ್ಟಿದ ಕೆ.ಎಂ. ಕಾರ್ಯಪ್ಪನವರು 1949ರಲ್ಲಿ ಅದೇ ದಿನ ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದರು.

ಈ ಬಟ್ಟೆಯ ವಿನ್ಯಾಸ ಮಾಡಿದ್ದು ದೆಹಲಿಯ ನಿಫ್ಟ್, ಅಂದರೆ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ. ಬಟ್ಟೆಯಲ್ಲಿ 70 ಪಾಲು ಹತ್ತಿ, 30 ಪಾಲು ಪಾಲಿಯೆಸ್ಟರ್. ಹಳೆಯದಕ್ಕಿಂತ ಹಗುರ, ಬೇಗ ಒಣಗುತ್ತದೆ. ಬಣ್ಣ ಆಲಿವ್ ಹಸಿರು ಮತ್ತು ಮಣ್ಣಿನ ಬಣ್ಣಗಳ ಮಿಶ್ರಣ. ಎಲ್ಲಕ್ಕಿಂತ ಕಣ್ಣಿಗೆ ಬೀಳುವ ಬದಲಾವಣೆ ಅಂದರೆ, ಅಂಗಿಯನ್ನು ಪ್ಯಾಂಟಿನೊಳಗೆ ಸೇರಿಸುವ ಹಾಗಿಲ್ಲ, ಹೊರಗೇ ಬಿಡಬೇಕು. ಒಳಗೆ ಅದೇ ಪ್ರಿಂಟಿನ ದುಂಡು ಕತ್ತಿನ ಟೀ ಶರ್ಟು. ಅಂಗಿಯ ಮೇಲಿನ ಜೇಬುಗಳು ಓರೆಯಾಗಿವೆ, ಕೆಳಗೂ ಜೇಬಿವೆ, ಎಡ ತೋಳಿನಲ್ಲಿ ಪೆನ್ನು ಸಿಕ್ಕಿಸುವ ಜಾಗ ಇದೆ. ಪ್ಯಾಂಟಿನ ಸೊಂಟಕ್ಕೆ ಎಲಾಸ್ಟಿಕ್ಕೂ ಬಟನ್ನೂ ಇವೆ. ಟೋಪಿಯ ಸುತ್ತಳತೆ ಹೊಂದಿಸಿಕೊಳ್ಳಬಹುದು. ಹೆಣ್ಣುಮಕ್ಕಳಿಗೆ ಅಂಗಿ, ಪ್ಯಾಂಟು, ಟೋಪಿ ಮೂರರಲ್ಲೂ ಅವರ ಮೈಗೆ ಒಪ್ಪುವ ಬದಲಾವಣೆ ಮಾಡಿದ್ದಾರೆ. ಇದು ನನಗೆ ಬಹಳ ಸಂತೋಷ ಕೊಟ್ಟ ಸಂಗತಿ.

ಈ ವಿನ್ಯಾಸವನ್ನು ಸೇನೆ ತನ್ನ ಹೆಸರಿನಲ್ಲಿ ನೋಂದಾಯಿಸಿದೆ. 2022ರ ಅಕ್ಟೋಬರ್ 21ರ ಪೇಟೆಂಟ್ ಕಚೇರಿಯ ಪತ್ರಿಕೆಯಲ್ಲಿ ಅದು ಪ್ರಕಟವಾಗಿದೆ. ಸೇನೆಯ ಅನುಮತಿ ಇಲ್ಲದೆ ಯಾವ ಗಿರಣಿಯೂ, ಯಾವ ಅಂಗಡಿಯೂ ಈ ಬಟ್ಟೆ ಮಾಡಿ ಮಾರುವ ಹಾಗಿಲ್ಲ. ಮೊದಲಿಗೆ 50,000 ಜೊತೆ ಬಟ್ಟೆಯನ್ನು ಸೇನೆಯ ಕ್ಯಾಂಟೀನುಗಳನ್ನು ನಡೆಸುವ ಸಿಎಸ್‌ಡಿ ಮೂಲಕ 15 ಡಿಪೋಗಳಿಗೆ ಕಳಿಸಿದರು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇನ್ನುಳಿದವನ್ನು ಬೇಗ ಹೇಳುತ್ತೇನೆ. 2023ರ ಆಗಸ್ಟ್ 1ರಿಂದ ಬ್ರಿಗೇಡಿಯರ್ ಮತ್ತು ಅದಕ್ಕಿಂತ ಮೇಲಿನವರಿಗೆಲ್ಲ ಒಂದೇ ಯೂನಿಫಾರ್ಮು. ಮೊದಲು ಪ್ಯಾರಾ ಅಧಿಕಾರಿ ಜನರಲ್ ಆದರೂ ಮರೂನ್ ಟೋಪಿ, ಟ್ಯಾಂಕ್ ಪಡೆಯಾದ ಆರ್ಮರ್ಡ್‌ನವರು ಕಪ್ಪು ಟೋಪಿ ಹಾಕುತ್ತಿದ್ದರು. ಈಗ ಟೋಪಿ, ಭುಜದ ಬ್ಯಾಡ್ಜು, ಕಾಲರಿನ ಪಟ್ಟಿ, ಬೆಲ್ಟು, ಶೂ ಎಲ್ಲರಿಗೂ ಒಂದೇ ಥರ. ಭುಜಕ್ಕೆ ಕಟ್ಟುವ ಹೆಣೆದ ಹಗ್ಗ, ಲ್ಯಾನ್ಯಾರ್ಡ್, ಇಲ್ಲ. ಕರ್ನಲ್ ಮತ್ತು ಕೆಳಗಿನವರಿಗೆ ಏನೂ ಬದಲಾಗಿಲ್ಲ. ವಾಯುಪಡೆ 2022ರ ಅಕ್ಟೋಬರ್ 8ರಂದು ಚಂಡೀಗಢದಲ್ಲಿ ತನ್ನದೇ ಹೊಸ ಕಾಂಬ್ಯಾಟ್ ಬಟ್ಟೆ ತೋರಿಸಿತು. ನೌಕಾಪಡೆಯಲ್ಲಿ 2023ರ ಡಿಸೆಂಬರ್ ಕೊನೆಗೆ ಅಡ್ಮಿರಲ್‌ಗಳ ಭುಜಪಟ್ಟಿ ಬದಲಾಯಿತು. ಅದರ ಎಂಟು ಮೂಲೆಯ ಆಕಾರ ಶಿವಾಜಿ ಮಹಾರಾಜರ ರಾಜಮುದ್ರೆಯಿಂದ ಬಂದದ್ದು. ಅಗ್ನಿವೀರರಾಗಿ ಸೇರಿದ ಮಕ್ಕಳಿಗೆ ಯೂನಿಫಾರ್ಮಿನ ಮೇಲೆ ಬೇರೆಯೇ ಗುರುತು ಇರುತ್ತದೆ.

ರಜೆಗೆ ಬಂದವರ ಬಟ್ಟೆ: ಹೊಲಿಗೆ, ಒಗೆತ, ಫೋಟೋ

ರಜೆಗೆ ಬಂದವರ ಬ್ಯಾಗಿನಲ್ಲಿ ಒಂದು ಜೊತೆ ಯೂನಿಫಾರ್ಮು ಇದ್ದೇ ಇರುತ್ತದೆ. ಇಲ್ಲಿ ನಾವು ಮಾಡುವ ಮೊದಲ ತಪ್ಪು ಹೊಲಿಗೆಯದು. ನಾನೂ ಮಾಡಿದ್ದೇನೆ. ಹೊಸ ಅಂಗಿ ನಮ್ಮ ಯಜಮಾನರಿಗೆ ಸ್ವಲ್ಪ ದೊಡ್ಡದಾಗಿ ಕಂಡಿತು. ಪೇಟೆಯ ಟೈಲರಿಗೆ ಕೊಟ್ಟು ಪಕ್ಕದಲ್ಲಿ ಹಿಡಿಸಿ, ಉದ್ದ ಎರಡು ಇಂಚು ಕಡಿಮೆ ಮಾಡಿಸಿದೆ. ನೋಡಲು ಚೆಂದ ಆಯಿತು. ಆದರೆ ಪಕ್ಕದ ಸೀಳು ಮುಚ್ಚಿಹೋಯಿತು, ಕೆಳಗಿನ ಜೇಬು ಓರೆಯಾಯಿತು. ಯೂನಿಟ್ಟಿಗೆ ಹೋದ ಮೇಲೆ ಅದನ್ನು ಹಾಕಲು ಬಿಡಲಿಲ್ಲ. ಹೊಸ ಜೊತೆಗೆ ದುಡ್ಡು ಕೊಡಬೇಕಾಯಿತು.

ಈ ಅಂಗಿ ಸಡಿಲವಾಗಿ ಇರಬೇಕೆಂದೇ ಮಾಡಿದ್ದು. ಕೈ ಎತ್ತಿದಾಗ, ಬಗ್ಗಿದಾಗ ಬೆನ್ನಿನ ಮಡಿಕೆ ಬಿಚ್ಚಿಕೊಳ್ಳಬೇಕು. ಅಳತೆ ಸರಿ ಇಲ್ಲದಿದ್ದರೆ ಯೂನಿಟ್ಟಿನ ಟೈಲರಿಗೇ ಕೊಡಲಿ. ಈ ಬಟ್ಟೆ ಹೊಲಿಯುವುದನ್ನು ಕಲಿಸಲು ನಿಫ್ಟ್‌ನವರು ಸೇನೆಯ ಮತ್ತು ಹೊರಗಿನ ಟೈಲರುಗಳಿಗೆ ತರಬೇತಿ ಕೊಟ್ಟಿದ್ದಾರೆ. ಮನೆಯಲ್ಲಿ ನೀವು ಮಾಡಬಹುದಾದದ್ದು ಇಷ್ಟೇ: ಬಿಚ್ಚಿಹೋದ ಬಟನ್ ಹಾಕುವುದು, ಹೊಲಿಗೆ ಬಿಟ್ಟ ಕಡೆ ಅದೇ ಬಣ್ಣದ ದಾರದಲ್ಲಿ ಹೊಲಿಯುವುದು. ಹೆಸರಿನ ಪಟ್ಟಿ, ಫೀತಿ, ಬ್ಯಾಡ್ಜಿನ ಜಾಗ ಬದಲಿಸಬೇಡಿ. ಒಂದು ಬೆರಳು ಮೇಲೆ ಕೆಳಗೆ ಆದರೂ ಇನ್ಸ್‌ಪೆಕ್ಷನ್ ದಿನ ಮಾತು ಕೇಳಬೇಕಾದವರು ಅವರೇ.

ಒಗೆಯುವಾಗ ನೀಲಿ ಹಾಕಬೇಡಿ. ಬಟ್ಟೆ ಬೆಳ್ಳಗಾಗುತ್ತದೆ, ಹೊಳೆಯುತ್ತದೆ ಎಂದು ಹೇಳುವ ಪೌಡರೂ ಬೇಡ. ಅಂಥ ಪೌಡರಿನಲ್ಲಿ ಬಟ್ಟೆಗೆ ಹೊಳಪು ಕೊಡುವ ರಾಸಾಯನಿಕ ಇರುತ್ತದೆ. ಮರೆಯಲ್ಲಿ ಕಾಣದಂತೆ ಇರಲಿ ಎಂದು ಮಾಡಿದ ಬಟ್ಟೆಗೆ ಆ ಹೊಳಪೇ ಶತ್ರು. ಸಾದಾ ಸೋಪು, ತಣ್ಣೀರು ಸಾಕು. ಒಳಭಾಗ ಹೊರಗೆ ಮಾಡಿ ನೆರಳಿನಲ್ಲಿ ಒಣಗಿಸಿ. ಗಂಜಿ ಬೇಡವೇ ಬೇಡ. ಅಮ್ಮನಿಗೆ ಇದನ್ನು ಒಪ್ಪಿಸಲು ನನಗೆ ಒಂದು ವರ್ಷ ಹಿಡಿಯಿತು. ಅಪ್ಪನ ಓಜಿ ಅಂಗಿಗೆ ಗಂಜಿ ಹಾಕಿ, ಇದ್ದಲಿನ ಇಸ್ತ್ರಿಪೆಟ್ಟಿಗೆಯಲ್ಲಿ ಕತ್ತಿಯಂಥ ಮಡಿಕೆ ತೆಗೆದ ಕೈ ಅದು. "ಮಡಿಕೆ ಇಲ್ಲದ ಯೂನಿಫಾರ್ಮೂ ಒಂದು ಯೂನಿಫಾರ್ಮಾ?" ಎನ್ನುತ್ತಿದ್ದರು.

ಮಳೆಗಾಲದಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಬಟ್ಟೆ ಒಣಗಿಸುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಯೂನಿಫಾರ್ಮನ್ನು ಅಲ್ಲಿ ಹಾಕಬೇಡಿ. ಹೊಗೆಯ ವಾಸನೆ ಹೋಗುವುದಿಲ್ಲ. ಪಾಲಿಯೆಸ್ಟರ್ ಸೇರಿದೆಯಲ್ಲ, ಫ್ಯಾನಿನ ಕೆಳಗೆ ಒಂದು ರಾತ್ರಿ ಇಟ್ಟರೆ ಒಣಗುತ್ತದೆ.

ಫೋಟೋದ ವಿಷಯ. ಮಗ ಯೂನಿಫಾರ್ಮಿನಲ್ಲಿ ಅಂಗಳದಲ್ಲಿ ನಿಂತರೆ ಫೋಟೋ ತೆಗೆಯದೆ ಇರುವುದು ಹೇಗೆ? ತೆಗೆಯಿರಿ, ಪ್ರಿಂಟ್ ಹಾಕಿಸಿ ಗೋಡೆಗೆ ಹಾಕಿ. ಆದರೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್ ಸ್ಟೇಟಸ್ಸಿಗೆ ಬೇಡ. 2020ರಲ್ಲಿ ಸೇನೆ ತನ್ನ ಸಿಬ್ಬಂದಿಗೆ 89 ಆ್ಯಪ್‌ಗಳನ್ನು ಫೋನಿನಿಂದ ತೆಗೆಯಲು ಹೇಳಿತ್ತು, ಅದರಲ್ಲಿ ಫೇಸ್‌ಬುಕ್ಕೂ ಇನ್‌ಸ್ಟಾಗ್ರಾಮೂ ಇದ್ದವು. ಅವರು ಹಾಕದೆ ಇರುವುದನ್ನು ನಾವು ಹಾಕಿದರೆ ಏನು ಪ್ರಯೋಜನ? ತೋಳಿನ ಮೇಲಿನ ಗುರುತು ನೋಡಿದರೆ ಗೊತ್ತಿದ್ದವರಿಗೆ ಯಾವ ಡಿವಿಷನ್ ಅಂತ ತಿಳಿದುಬಿಡುತ್ತದೆ. "ನಾಳೆ ಇಂಥ ಊರಿಗೆ ಹೊರಟ" ಎಂದು ಸೇರಿಸಿದರೆ ಇನ್ನೂ ಕಷ್ಟ.

ಗಡ್ಡದ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ರಜೆಯಲ್ಲಿ ಗಡ್ಡ ಬಿಟ್ಟು, ವಾಪಸ್ ಹೊರಡುವ ದಿನ ಬೆಳಿಗ್ಗೆ ಬ್ಲೇಡು ಹುಡುಕುವವರು ಎಲ್ಲ ಮನೆಯಲ್ಲೂ ಇದ್ದಾರೆ. ಸೇನೆಯಲ್ಲಿ ಗಡ್ಡ ಬಿಡಲು ಸಿಖ್ಖರಿಗೆ ಮಾತ್ರ ಅವಕಾಶ. ವಾಯುಪಡೆಯ ಗಡ್ಡದ ನಿಯಮವನ್ನು 2016ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಎತ್ತಿಹಿಡಿದಿದೆ. ನೌಕಾಪಡೆಯಲ್ಲಿ ಅನುಮತಿ ಪಡೆದು ಬಿಡಬಹುದು. ನಮ್ಮ ಕಡೆಯ ಮೀಸೆಗೆ ತೊಂದರೆ ಇಲ್ಲ, ಒಪ್ಪವಾಗಿ ಕತ್ತರಿಸಿರಬೇಕು ಅಷ್ಟೇ.

ನಿವೃತ್ತರು ಏನು ಹಾಕಬೇಕು?

ಕಾರ್ಯಪ್ಪನವರ ಜಯಂತಿ ಜನವರಿ 28, ಸೇನೆಯ ಮುಖ್ಯಸ್ಥರಾಗಿದ್ದ ಕೊಡಗಿನವರೇ ಆದ ಜನರಲ್ ತಿಮ್ಮಯ್ಯನವರದ್ದು ಮಾರ್ಚ್ 31. ಅದಕ್ಕೆ ಮೊದಲು ಜನವರಿ 15, 26. ವರ್ಷದ ಮೊದಲ ಮೂರು ತಿಂಗಳಲ್ಲಿ ಮಡಿಕೇರಿಯಲ್ಲಿ ಮಾಜಿ ಸೈನಿಕರು ಸೇರುವ ದಿನಗಳು ಸಾಲಾಗಿ ಬರುತ್ತವೆ. ನಮ್ಮ ಮಾವ ಡಿಸೆಂಬರಿನಲ್ಲೇ ಬ್ಲೇಜರು ಬಿಸಿಲಿಗೆ ಹಾಕಿಸುತ್ತಾರೆ.

ನಿವೃತ್ತರಿಗೆ ಅತಿ ಸುರಕ್ಷಿತವಾದ ಉಡುಪು ಇದೇ: ಬ್ಲೇಜರು, ರೆಜಿಮೆಂಟಿನ ಟೈ, ರೆಜಿಮೆಂಟಿನ ಟೋಪಿ, ಎಡ ಎದೆಯ ಮೇಲೆ ಮೆಡಲುಗಳು. ಹಳೆಯ ಯೂನಿಫಾರ್ಮು ಇನ್ನೂ ಮೈಗೆ ಹಿಡಿಯುತ್ತದೆ ಎಂದು ಹಾಕಿಕೊಂಡು ಹೋಗಬೇಡಿ. ಹೊಸ ಡಿಜಿಟಲ್ ಪ್ರಿಂಟಂತೂ ಸೇವೆಯಲ್ಲಿ ಇರುವವರದ್ದು. ಮೊಮ್ಮಗ ಪ್ರೀತಿಯಿಂದ ತಂದುಕೊಟ್ಟರೂ ಅಜ್ಜ ಅದನ್ನು ಹಾಕಬಾರದು.

ಮೆಡಲಿನ ಸಾಲು ಹೇಗೆ? ಹಿರಿದಾದ ಮೆಡಲು ಎದೆಯ ನಡುವಿಗೆ, ಅಂದರೆ ಬಟನ್ನುಗಳ ಕಡೆಗೆ. ಅಲ್ಲಿಂದ ಎಡತೋಳಿನ ಕಡೆಗೆ ಇಳಿಯುತ್ತಾ ಹೋಗಬೇಕು. ಅಪ್ಪನದ್ದನ್ನೇ ಉದಾಹರಣೆಗೆ ಹೇಳುತ್ತೇನೆ. ಮೊದಲು ನಕ್ಷತ್ರದ ಆಕಾರದ ಪಶ್ಚಿಮಿ ಸ್ಟಾರ್, 1971ರ ಯುದ್ಧದ್ದು. ಆಮೇಲೆ ಅದೇ ಯುದ್ಧದ ಸಂಗ್ರಾಮ್ ಮೆಡಲ್. ನಂತರ ಸೈನ್ಯ ಸೇವಾ ಮೆಡಲ್. ಆಮೇಲೆ ಸ್ವಾತಂತ್ರ್ಯದ 25ನೇ ವರ್ಷದ ಮೆಡಲ್. ಕೊನೆಗೆ 20 ವರ್ಷದ ಸೇವೆಯದು, ಅದರ ಪಕ್ಕ 9 ವರ್ಷದ ಸೇವೆಯದು. ಎಲ್ಲರೂ ಸಾಮಾನ್ಯವಾಗಿ ಮಾಡುವ ತಪ್ಪು ಅಂದರೆ, ಸಿಕ್ಕಿದ ವರ್ಷದ ಪ್ರಕಾರ ಜೋಡಿಸುವುದು. 9 ವರ್ಷದ ಮೆಡಲು ಬೇಗ ಸಿಕ್ಕಿರುತ್ತದೆ, ಆದರೆ ಅದರ ಜಾಗ ಕೊನೆಯಲ್ಲಿ.

ರಿಬ್ಬನ್ ಅಗಲ 32 ಮಿ.ಮೀ. ಬಣ್ಣದ ಪಟ್ಟಿಗಳಿಗೆ ಎಡ ಬಲ ಇರುತ್ತದೆ. ಹಳೆಯ ರಿಬ್ಬನ್ ಬಿಚ್ಚುವ ಮೊದಲು ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಹೊಸದನ್ನು ತಿರುಗಾಮುರುಗಾ ಹಾಕುವುದು ತಪ್ಪುತ್ತದೆ.

ಲಗ್ನಪತ್ರಿಕೆಯಲ್ಲಿ ಹೆಸರು ಹಾಕಿಸುವಾಗ ಒಂದು ಮಾತು. "ನಿವೃತ್ತ ಬ್ರಿಗೇಡಿಯರ್ ಇಂಥವರು" ಎಂದು ಹಾಕಿಸುವುದು ನಮ್ಮಲ್ಲಿ ರೂಢಿ. ಸೇನೆ ಹೇಳುವ ಕ್ರಮ ಬೇರೆ. ಮೊದಲು ರ‍್ಯಾಂಕ್, ಆಮೇಲೆ ಹೆಸರು, ಕೊನೆಗೆ ಕಂಸದಲ್ಲಿ ನಿವೃತ್ತ ಎಂದು. ರ‍್ಯಾಂಕ್ ನಿವೃತ್ತಿ ಆಗುವುದಿಲ್ಲ, ನಿವೃತ್ತಿ ಆಗುವುದು ವ್ಯಕ್ತಿ. ಪ್ರೆಸ್ಸಿನವರಿಗೆ ಬರೆದುಕೊಡುವಾಗಲೇ ಹೀಗೆ ಬರೆದುಕೊಡಿ.

ಚುನಾವಣೆ ಬಂದಾಗ ಯೂನಿಫಾರ್ಮಿನ ಫೋಟೋ ಯಾವ ಬ್ಯಾನರಿಗೂ ಕೊಡಬೇಡಿ. ಸೈನಿಕರ ಫೋಟೋ ಪ್ರಚಾರಕ್ಕೆ ಬಳಸಬಾರದು ಎಂದು ಚುನಾವಣಾ ಆಯೋಗ 2013ರಲ್ಲೇ ಪಕ್ಷಗಳಿಗೆ ಸೂಚನೆ ಕೊಟ್ಟಿತ್ತು, 2019ರಲ್ಲಿ ಮತ್ತೆ ನೆನಪಿಸಿತು. ಕೇಳಲು ಬಂದವರು ನಮ್ಮವರೇ ಆಗಿರುತ್ತಾರೆ, ಆದರೂ ಇಲ್ಲ ಎನ್ನಿ.

ಅಪ್ಪ ಇಲ್ಲದ ಮೇಲೆ ಅಪ್ಪನ ಮೆಡಲು

ಅಪ್ಪ ತೀರಿಕೊಂಡ ಮೇಲೆ ಮೊದಲ ವರ್ಷ ಅಮ್ಮ ಮೆಡಲಿನ ಪೆಟ್ಟಿಗೆ ಮುಟ್ಟಲಿಲ್ಲ. ನಾವು ಮುಟ್ಟಿದರೂ ತಪ್ಪಾಗುತ್ತದೇನೋ ಎಂಬ ಭಯ. ತುಂಬಾ ಮನೆಗಳಲ್ಲಿ ಹೀಗೇ ಆಗುತ್ತದೆ. ಹಾಗಾಗಿ ಇದನ್ನು ಬಿಡಿಸಿ ಹೇಳುತ್ತೇನೆ.

ತೀರಿಕೊಂಡ ಸೈನಿಕರ ಹತ್ತಿರದ ಬಂಧುಗಳು ಅವರ ಮೆಡಲುಗಳನ್ನು ಹಾಕಿಕೊಳ್ಳಬಹುದು ಎಂದು ಸೇನೆ ಈಗ ಅನುಮತಿ ಕೊಟ್ಟಿದೆ. ಎರಡು ಷರತ್ತು. ಒಂದು, ಬಲ ಎದೆಯ ಮೇಲೆ ಹಾಕಬೇಕು. ಎಡ ಎದೆ ಮೆಡಲು ಗಳಿಸಿದವರದ್ದು. ಎರಡು, ಎಲ್ಲೆಂದರಲ್ಲಿ ಅಲ್ಲ. ಯುದ್ಧ ಸ್ಮಾರಕದಲ್ಲಿ ಗೌರವ ಸಲ್ಲಿಸುವಾಗ, ಸ್ಮರಣೆಯ ಕಾರ್ಯಕ್ರಮಗಳಲ್ಲಿ, ಅಂತ್ಯಕ್ರಿಯೆಯಲ್ಲಿ. ಮದುವೆ ಮನೆಗೆ ಬೇಡ.

ಹೋದ ವರ್ಷ ಅಮ್ಮ ಬಿಳಿ ಸೀರೆ ಉಟ್ಟು, ಬಲಭಾಗದ ಸೆರಗಿಗೆ ಆ ಆರು ಮೆಡಲಿನ ಸಾಲು ಸಿಕ್ಕಿಸಿಕೊಂಡು ಮೊದಲ ಸಲ ಹೊರಟರು. ಸೀರೆಗೆ ಭಾರ ಎಳೆಯುತ್ತದೆ. ಒಳಗೆ ಒಂದು ದಪ್ಪ ಬಟ್ಟೆಯ ತುಂಡು ಇಟ್ಟು, ಅದಕ್ಕೆ ಸೇರಿಸಿ ಪಿನ್ ಹಾಕಿದರೆ ಸೆರಗು ಹರಿಯುವುದಿಲ್ಲ. ದಾರಿಯುದ್ದಕ್ಕೂ ಅಮ್ಮ ಮೆಡಲುಗಳು ಒಂದಕ್ಕೊಂದು ತಾಗಿ ಸದ್ದು ಮಾಡದ ಹಾಗೆ ಅಂಗೈಯಲ್ಲಿ ಒತ್ತಿ ಹಿಡಿದುಕೊಂಡೇ ಕೂತಿದ್ದರು.

ಇನ್ನು ಸಾವಿನ ಮನೆಯ ವಿಷಯ. ಆ ಹೊತ್ತಿನಲ್ಲಿ ಯಾರಿಗೂ ಯೋಚಿಸಲು ಆಗುವುದಿಲ್ಲ, ಈಗಲೇ ತಿಳಿದಿರಲಿ. ತ್ರಿವರ್ಣ ಧ್ವಜವನ್ನು ದೇಹದ ಮೇಲೆ ಹೊದಿಸುವುದು ಸರ್ಕಾರಿ ಗೌರವದ ಅಥವಾ ಸೇನಾ ಗೌರವದ ಅಂತ್ಯಕ್ರಿಯೆ ಆದರೆ ಮಾತ್ರ. ಸೇನೆಯಲ್ಲಿ ಇದ್ದರು ಎಂಬ ಒಂದೇ ಕಾರಣಕ್ಕೆ ನಾವೇ ಅಂಗಡಿಯಿಂದ ಧ್ವಜ ತಂದು ಹೊದಿಸುವ ಹಾಗಿಲ್ಲ. ಗೌರವದ ಅಂತ್ಯಕ್ರಿಯೆ ಆದರೂ, ಕೇಸರಿ ತಲೆಯ ಕಡೆ ಇರಬೇಕು. ಚಿತೆಗೆ ಅಥವಾ ಗುಂಡಿಗೆ ಇಡುವ ಮೊದಲು ಧ್ವಜ ತೆಗೆಯಬೇಕು. ಮೆಡಲುಗಳನ್ನು ಒಂದು ದಿಂಬಿನ ಮೇಲೆ ಜೋಡಿಸಿ ಪಕ್ಕದಲ್ಲಿ ಇಡಿ. ಅವನ್ನೂ ಮರೆಯದೆ ತೆಗೆದಿಡುವ ಜವಾಬ್ದಾರಿ ಒಬ್ಬರಿಗೆ ಹೇಳಿ ಒಪ್ಪಿಸಿ. ಹತ್ತಿರದ ಮಾಜಿ ಸೈನಿಕರ ಸಂಘಕ್ಕೂ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಗೂ ಕೂಡಲೇ ಸುದ್ದಿ ಮುಟ್ಟಿಸಿದರೆ ಉಳಿದದ್ದನ್ನು ಅವರೇ ದಾರಿ ತೋರಿಸುತ್ತಾರೆ.

ಸಂತೆಯಲ್ಲಿ ಸಿಗುವ ಮಿಲಿಟರಿ ಪ್ಯಾಂಟು

ಇದರ ಬಗ್ಗೆ ನನಗೆ ನಿಜವಾಗಿ ಕಳವಳ ಇದೆ. ತೋಟದ ಕೆಲಸಕ್ಕೆ ಗಟ್ಟಿ, ಕೆಸರು ಕಾಣುವುದಿಲ್ಲ, ಮುಳ್ಳಿಗೆ ಹರಿಯುವುದಿಲ್ಲ ಎಂದು ಮಿಲಿಟರಿ ಪ್ರಿಂಟಿನ ಪ್ಯಾಂಟು ಕೊಳ್ಳುವವರು ನಮ್ಮಲ್ಲಿ ತುಂಬಾ ಜನ. ಪಾಪ, ಯಾರಿಗೂ ಕೆಟ್ಟ ಉದ್ದೇಶ ಇಲ್ಲ.

ಕಾನೂನು ಏನು ಹೇಳುತ್ತದೆ ನೋಡೋಣ. ಸೈನಿಕ ಅಲ್ಲದವನು, ಜನ ತನ್ನನ್ನು ಸೈನಿಕ ಎಂದು ನಂಬಲಿ ಎಂಬ ಉದ್ದೇಶದಿಂದ ಸೈನಿಕರಂಥ ಉಡುಪು ಹಾಕಿದರೆ ಅದು ಅಪರಾಧ. ಭಾರತೀಯ ನ್ಯಾಯ ಸಂಹಿತೆಯ 168ನೇ ಸೆಕ್ಷನ್. 3 ತಿಂಗಳವರೆಗೆ ಜೈಲು, ಅಥವಾ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಹಿಂದೆ ಐಪಿಸಿಯ 140ನೇ ಸೆಕ್ಷನ್ ಇದ್ದಾಗ ದಂಡ 500 ರೂಪಾಯಿ ಇತ್ತು. 2024ರ ಜುಲೈ 1ರಿಂದ ಹೊಸದು ಜಾರಿಯಲ್ಲಿದೆ. ಯೂನಿಫಾರ್ಮು ಹಾಕಿ ನಿಷೇಧಿತ ಜಾಗಕ್ಕೆ ನುಗ್ಗಲು ನೋಡಿದರೆ ಅದು ಇನ್ನೂ ದೊಡ್ಡದು, 1923ರ ಅಧಿಕೃತ ರಹಸ್ಯಗಳ ಕಾಯ್ದೆಯಲ್ಲಿ 3 ವರ್ಷದವರೆಗೆ ಶಿಕ್ಷೆ.

ಅಂದರೆ ಉದ್ದೇಶ ಮುಖ್ಯ. ತೋಟದಲ್ಲಿ ಗೊಬ್ಬರ ಹಾಕುವವರ ಮೇಲೆ ಈ ಸೆಕ್ಷನ್ ಬೀಳುವುದಿಲ್ಲ. ಹಾಗಾದರೆ ಯಾಕೆ ಬೇಡ ಎನ್ನುತ್ತೇನೆ? 2016ರ ಜನವರಿಯಲ್ಲಿ ಪಠಾಣ್‌ಕೋಟ್ ವಾಯುನೆಲೆಗೆ ನುಗ್ಗಿದವರು ಸೇನೆಯ ಬಟ್ಟೆಯಲ್ಲಿದ್ದರು. ಅದಾದ ಮೇಲೆ ಸೇನೆ ಜನರಿಗೆ ಮನವಿ ಮಾಡಿತು, ಈ ಥರದ ಬಟ್ಟೆ ಹಾಕಬೇಡಿ, ಅಂಗಡಿಯವರು ಮಾರಬೇಡಿ ಎಂದು. ಹೊಸ ಪ್ರಿಂಟನ್ನು ನೋಂದಾಯಿಸಿದ್ದೂ ಇದೇ ಕಾರಣಕ್ಕೆ. ಬಟ್ಟೆ ನೋಡಿ "ಇವನು ನಮ್ಮವನು" ಎಂದು ಕ್ಷಣದಲ್ಲಿ ನಿರ್ಧರಿಸಬೇಕಾದ ಸೆಂಟ್ರಿ ಒಬ್ಬ ಎಲ್ಲೋ ನಿಂತಿರುತ್ತಾನೆ. ಅವನು ನಮ್ಮ ಊರಿನ ಹುಡುಗನೇ ಇರಬಹುದು.

ಹಾಗಾಗಿ ಕೊಳ್ಳುವಾಗ ಸಣ್ಣ ಚೌಕಗಳ ಡಿಜಿಟಲ್ ಪ್ರಿಂಟ್ ಕಂಡರೆ ಕೆಳಗಿಡಿ. ತೋಟಕ್ಕೆ ಖಾಕಿ, ಕಂದು, ಬರೀ ಹಸಿರು ಬಣ್ಣದ ಗಟ್ಟಿ ಪ್ಯಾಂಟುಗಳು ಅದೇ ಬೆಲೆಗೆ ಸಿಗುತ್ತವೆ.

ಶಾಲೆಯ ಛದ್ಮವೇಷಕ್ಕೆ ಮಗುವಿಗೆ ಸೈನಿಕನ ವೇಷ ಹಾಕಬಹುದಾ? ಹಾಕಬಹುದು, ನಾಟಕಕ್ಕೂ ಸರಿ. ಯಾರನ್ನೂ ನಂಬಿಸುವ ಉದ್ದೇಶ ಅಲ್ಲಿಲ್ಲ. ಆದರೆ ಅಜ್ಜನ ನಿಜವಾದ ಮೆಡಲು ಮಗುವಿನ ಎದೆಗೆ ಹಾಕಿ ಕಳಿಸಬೇಡಿ. ರಟ್ಟಿನಲ್ಲಿ ಮಾಡಿಕೊಡಿ. ನಿಜವಾದದ್ದನ್ನು ಮನೆಯಲ್ಲಿ ಕೂರಿಸಿಕೊಂಡು ತೋರಿಸಿ, ಕತೆ ಹೇಳಿ. ಇನ್ನೂ ನೋಡಬೇಕು ಎಂದರೆ ಮಡಿಕೇರಿಯ ಸನ್ನಿ ಸೈಡ್‌ಗೆ ಕರೆದುಕೊಂಡು ಹೋಗಿ. ಜನರಲ್ ತಿಮ್ಮಯ್ಯನವರ ಮನೆ ಅದು, 2021ರ ಫೆಬ್ರುವರಿ 6ರಂದು ಮ್ಯೂಸಿಯಂ ಆಗಿ ತೆರೆದಿದೆ.

ಟ್ರಂಕು ತೆರೆದ ದಿನ

ಕೊಡಗಿನ ಮಳೆಗೆ ಬೂಷ್ಟು ಹಿಡಿಯದ ವಸ್ತು ಇಲ್ಲ. ಎಲ್ಲವನ್ನೂ ಹೊರಗೆ ತೆಗೆದು, ಟ್ರಂಕಿನ ಒಳಗೆ ಒಣಬಟ್ಟೆಯಿಂದ ಒರೆಸಿ, ಅರ್ಧ ದಿನ ಬಿಸಿಲಿಗೆ ಬಾಯಿ ತೆರೆದಿಡಿ. ಉಣ್ಣೆಯ ಜರ್ಸಿ, ಕೋಟುಗಳಿಗೆ ನೇರ ಬಿಸಿಲು ಬೇಡ, ಜಗಲಿಯ ಗಾಳಿ ಸಾಕು. ಬೂಷ್ಟು ಇದ್ದರೆ ಮೆತ್ತನೆಯ ಬ್ರಷ್ಷಿನಿಂದ ಅಂಗಳದಲ್ಲಿ ಉದುರಿಸಿ, ಮನೆಯೊಳಗೆ ಬೇಡ. ನುಸಿ ಗುಳಿಗೆಯನ್ನು ಬಟ್ಟೆಗೆ ತಾಗದ ಹಾಗೆ ತೆಳು ಬಟ್ಟೆಯಲ್ಲಿ ಕಟ್ಟಿ ಮೂಲೆಗೆ ಇಡಿ. ಔಷಧಿ ಡಬ್ಬಿಯಲ್ಲಿ ಬರುವ ಸಣ್ಣ ಸಿಲಿಕಾ ಪೊಟ್ಟಣಗಳನ್ನು ನಾನು ವರ್ಷವಿಡೀ ಕೂಡಿಟ್ಟು ಮೆಡಲಿನ ಪೆಟ್ಟಿಗೆಗೆ ಹಾಕುತ್ತೇನೆ. ಮಡಿಕೆ ಪ್ರತಿ ವರ್ಷ ಬೇರೆ ಕಡೆ ಬರಲಿ, ಒಂದೇ ಗೆರೆಯಲ್ಲಿ ಮಡಚಿದರೆ ಬಟ್ಟೆ ಅಲ್ಲೇ ಹರಿಯುತ್ತದೆ.

ಹಿತ್ತಾಳೆ ಬಟನ್ನು, ಬೆಲ್ಟಿನ ಬಕಲ್ಲಿಗೆ ಬ್ರಾಸೊ ಪಾಲಿಷ್ ಸರಿ. ಅಡಿಗೆ ಒಂದು ರಟ್ಟು ಇಟ್ಟು ಉಜ್ಜಿ, ಬಟ್ಟೆಗೆ ತಾಗಿದರೆ ಕಲೆ ಹೋಗುವುದಿಲ್ಲ. ಆದರೆ ಮೆಡಲಿಗೆ ಬ್ರಾಸೊ ಹಾಕಬೇಡಿ. ಮೆಡಲಿನ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ನಾಣ್ಯದ ಅಂಚಿನ ಹಾಗೆ ಇರುವ ಆ ಜಾಗದಲ್ಲಿ ಅವರ ನಂಬರು, ರ‍್ಯಾಂಕ್, ಹೆಸರು ಕೆತ್ತಿರುತ್ತದೆ. ಉಜ್ಜಿ ಉಜ್ಜಿ ಅಪ್ಪನ ಒಂದು ಮೆಡಲಿನಲ್ಲಿ ಹೆಸರಿನ ಕೊನೆಯ ಎರಡು ಅಕ್ಷರ ನಾವೇ ಅಳಿಸಿಬಿಟ್ಟಿದ್ದೇವೆ. ಒಣ ಹತ್ತಿ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಇಟ್ಟುಕೊಳ್ಳಲು ಆಗದ ಹಳೆಯ ಜೊತೆಗಳನ್ನು ಏನು ಮಾಡಬೇಕು? ಒಂದು ಅಂಗಿ ನೆನಪಿಗೆ ಇಡಿ. ಉಳಿದವುಗಳಿಂದ ಹೆಸರಿನ ಪಟ್ಟಿ, ಫೀತಿ, ಬ್ಯಾಡ್ಜು, ತೋಳಿನ ಗುರುತು, ಬಟನ್ನು ಎಲ್ಲವನ್ನೂ ಬಿಚ್ಚಿ ಒಂದು ಡಬ್ಬಿಗೆ ಹಾಕಿ. ಆಮೇಲೆ ಬಟ್ಟೆಯನ್ನು ಅಂಗಿ ಎಂದು ಗುರುತು ಸಿಗದ ಹಾಗೆ ತುಂಡು ಮಾಡಿ. ಹಾಗೇ ಇಡಿಯಾಗಿ ಯಾರಿಗೂ ಕೊಡಬೇಡಿ, ಹಳೆ ಬಟ್ಟೆ ಕೊಳ್ಳುವವರಿಗೂ ಬೇಡ. ಕೆಲಸದವರಿಗೆ ಬಟ್ಟೆ ಕೊಡಬೇಕು ಎನಿಸಿದರೆ ಬೇರೆ ಬಟ್ಟೆ ಕೊಡಿ. ನಾಲ್ಕು ವರ್ಷ ಮುಗಿಸಿ ಹಿಂತಿರುಗುವ ಅಗ್ನಿವೀರರಿಗೂ ಇದೇ ಮಾತು. ಸೇವೆ ಮುಗಿದ ಮರುದಿನದಿಂದ ಆ ಬಟ್ಟೆ ಹಾಕಿ ಪೇಟೆಗೆ ಹೋಗುವ ಹಾಗಿಲ್ಲ.

ಮೆಡಲು ಕಳೆದುಹೋಗಿದ್ದರೆ, ಅಥವಾ ಬರಬೇಕಾದದ್ದು ಬಂದೇ ಇಲ್ಲದಿದ್ದರೆ, ಸೇವೆ ಮುಗಿದಾಗ ಸೇನೆ ಕೊಡುವ ಡಿಸ್ಚಾರ್ಜ್ ಬುಕ್ ತೆಗೆಯಿರಿ. ಯಾವ ಯಾವ ಮೆಡಲು ಸಿಕ್ಕಿದೆ ಎಂದು ಅದರಲ್ಲಿ ಬರೆದಿರುತ್ತದೆ. ಜವಾನರು ಮತ್ತು ಜೆಸಿಒಗಳ (ಸುಬೇದಾರರಂಥ ಜೂನಿಯರ್ ಕಮಿಷನ್ಡ್ ಆಫೀಸರುಗಳ) ಕಾಗದಪತ್ರ ಅವರ ರೆಜಿಮೆಂಟಿನ ರೆಕಾರ್ಡ್ ಆಫೀಸಿನಲ್ಲಿ ಇರುತ್ತದೆ, ಅರ್ಜಿ ಹೋಗಬೇಕಾದದ್ದು ಅಲ್ಲಿಗೆ. ಆರ್ಮಿ ನಂಬರು, ರ‍್ಯಾಂಕ್, ಹೆಸರು, ಸೇವೆಗೆ ಸೇರಿದ ಮತ್ತು ಬಿಟ್ಟ ತಾರೀಖು, ಕಳೆದ ಮೆಡಲಿನ ಹೆಸರು ಬರೆಯಿರಿ. ಡಿಸ್ಚಾರ್ಜ್ ಬುಕ್ಕಿನ ಆ ಪುಟದ ಜೆರಾಕ್ಸ್ ಸೇರಿಸಿ. ಕಳುವಾಗಿದ್ದರೆ ಪೊಲೀಸ್ ದೂರಿನ ಪ್ರತಿಯೂ ಇರಲಿ. ಅರ್ಜಿ ಬರೆಯಲು ಬಾರದಿದ್ದರೆ ಮಡಿಕೇರಿಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳಿ. ಮೂಲ ಪುಸ್ತಕವನ್ನು ಮಾತ್ರ ಯಾರ ಕೈಗೂ ಬಿಟ್ಟು ಬರಬೇಡಿ. ಜೆರಾಕ್ಸ್ ಮಾಡಿಸಿದ ಅಂಗಡಿಯಲ್ಲೇ ಅದನ್ನು ಮರೆತು ಬಂದು, ಅಮ್ಮ ಮತ್ತು ನಾನು ಕತ್ತಲಾಗುವವರೆಗೆ ಹುಡುಕಿದ್ದೇವೆ.